ಮುಕ್ಕುಂದ ಬಸ್ಸು ಹತ್ತಿದ ಬ್ಲಾಗು

ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಗೆ ಒಂದು ಹಳದಿ ಬಟ್ಟೆಯ ಕೈಚೀಲ ನೇತಾಡುತ್ತಿದೆ. ಮದುವೆಯಲ್ಲಿ ತೆಂಗಿನಕಾಯಿ, ಎಲೆ-ಅಡಿಕೆ ಹಾಕಿ ಕೊಡುತ್ತಾರಲ್ಲ, ಅಂಥದ್ದು. ಒಂದು ಮಗ್ಗುಲಿಗೆ ‘ಬಸವರಾಜ – ಮಂಜುಳಾ’ ಎಂಬ ಕೆಂಪಕ್ಷರ, ಅದರ ಕೆಳಗೆ ಲಿಂಗಸುಗೂರಿನ ಕಲ್ಯಾಣ ಮಂಟಪವೊಂದರ ವಿಳಾಸ. ಇನ್ನೊಂದು ಮಗ್ಗುಲಿಗೆ ಎಣ್ಣೆಯ ಕಲೆ ಮತ್ತು ಜೋಳದ ಹಿಟ್ಟಿನಲ್ಲಿ ಮೂಡಿದ ಯಾರದೋ ಅಂಗೈ ಗುರುತು. ಅಮ್ಮಿ ಅದನ್ನು ಒಗೆಯಲು ಬಕೆಟ್ಟಿನ ಕಡೆ ಒಯ್ದಾಗಲೆಲ್ಲ ನಾನು ಓಡಿಹೋಗಿ ಕಸಿದುಕೊಂಡು ಬಂದು ಮತ್ತೆ ಮೊಳೆಗೆ ಹಾಕುತ್ತೇನೆ. ಒಂದು ಹೊಲಸು ಚೀಲಕ್ಕೆ ಇಷ್ಟು ಮರ್ಯಾದೆ ಯಾಕೆ ಎಂದು ನೀವೂ ಕೇಳಬಹುದು. ಕೇಳಿ, ಕೇಳಿ! ಹೇಳದೆ ನನಗೂ ಉಂಡ ಅನ್ನ ಅರಗುತ್ತಿಲ್ಲ.

ನಾನು ಶಮೀಮ್, ಮಸ್ಕಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಮನೆ ಸಿಂಧನೂರಿನಲ್ಲಿ. ದಿನಾ ಬೆಳಿಗ್ಗೆ ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿಯುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಡ್ರಾಯಿಂಗ್ ಟೀಚರ್ ಎಂದರೆ ಬಣ್ಣ, ಕಲೆ, ಪ್ರದರ್ಶನ ಎಂದೆಲ್ಲ ಓಡಾಡುವವಳು ಎಂದುಕೊಳ್ಳಬೇಡಿ. ನನ್ನ ಕಲೆಯೆಲ್ಲ ಸ್ವಾತಂತ್ರ್ಯ ದಿನಾಚರಣೆಯ ರಂಗೋಲಿ ಮತ್ತು ‘ನೀರನ್ನು ಮಿತವಾಗಿ ಬಳಸಿ’ ಎಂಬ ಗೋಡೆ ಬರಹದಲ್ಲಿ ಖರ್ಚಾಗುತ್ತದೆ. ನಾನು ಚಿತ್ರಗಳನ್ನು ನೋಡಿದ್ದು, ಚಿತ್ರಗಳ ಬಗ್ಗೆ ಜನ ಏನೇನು ಯೋಚಿಸುತ್ತಾರೆಂದು ತಿಳಿದದ್ದು, ಎಲ್ಲವೂ ಬಸ್ಸಿನ ಕಿಟಕಿಯ ಪಕ್ಕ, ಅಂಗೈಯಗಲದ ಫೋನಿನಲ್ಲಿ, ಬ್ಲಾಗುಗಳನ್ನು ಓದಿ.

ಬ್ಲಾಗು ಎಂದರೆ ನನ್ನ ಬಸ್ ಸಂಗಾತಿ ಶರಣಮ್ಮಕ್ಕನಿಗೆ ಒಂದು ಜಾತಿಯ ಕಾಯಿಲೆ. ಅವರು ನಮ್ಮ ಶಾಲೆಯ ಗಣಿತದ ಟೀಚರು, ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಬಾಯಿಯಲ್ಲಿ ಇನ್ನೂ ದೊಡ್ಡವರು.

“ಏನ್ ಸಿಗತೈತಿ ನಿನಗ ಆ ಫೋನಿನಾಗ? ಮಂದಿ ಸುದ್ದಿ ಓದಿ ಹಿಂಗ್ಯಾಕ ಕುಣಿಯಾಕತ್ತೀ?”

“ಮಂದಿ ಸುದ್ದಿ ಅಲ್ರೀ ಅಕ್ಕಾ, ಮಂದಿ ವಿಚಾರ ಮಾಡಿದ್ದು!”

“ಯಾಕ, ವಿಚಾರ ಮಾಡಾಕ ನಮಗೇನ್ ತಲಿ ಇಲ್ಲೇನು?”

ನನ್ನ ಕುಣಿತ ಮಾತ್ರ ನಿಲ್ಲಲಿಲ್ಲ. ಹೇಗೆ ಕುಣಿಯದಿರಲಿ ಹೇಳಿ! ಒಂದು ತಾಣದಲ್ಲಿ ಒಬ್ಬ ಪುಣ್ಯಾತ್ಮ ತಿಂಗಳುಗಟ್ಟಲೆ ಒಂದೇ ಚಿತ್ರದ ಬಗ್ಗೆ ಬರೆಯುತ್ತಾನೆ. ಒಂದು ವಾರ ಅದರ ಎಡಗಡೆ ಮೂಲೆ, ಇನ್ನೊಂದು ವಾರ ಅದರಲ್ಲಿನ ಹೆಂಗಸಿನ ಹಿಮ್ಮಡಿ, ಮತ್ತೊಂದು ವಾರ ಯಾರೂ ಗಮನಿಸದ ಒಂದು ಕೊಡ. ಕೊಡದ ಬಾಯಿಗೆ ಬಿದ್ದ ಬೆಳಕಿನ ಬಗ್ಗೆ ಓದಿದ ದಿನ ನಾನು ಮನೆಗೆ ಬಂದು ನಮ್ಮ ನಲ್ಲಿಯ ಕೆಳಗಿನ ಕೊಡವನ್ನು ಎಷ್ಟು ಹೊತ್ತು ನೋಡುತ್ತ ಕೂತೆನೆಂದರೆ, ಅದು ತುಂಬಿ ನೀರು ಹೊಸ್ತಿಲು ದಾಟಿ ಓಣಿಗೆ ಹೋಯಿತು. ‘ನೀರನ್ನು ಮಿತವಾಗಿ ಬಳಸಿ’ ಎಂದು ಊರ ಗೋಡೆಗೆಲ್ಲ ಬರೆದವಳು ನಾನೇ.

ಇನ್ನೊಂದು ತಾಣ ಇಂಗ್ಲಿಷಿನದು. ಬೇಸರ ಎಂದರೇನು, ಗೆಳೆತನ ಹೇಗೆ ಹಳೆಯದಾಗುತ್ತದೆ, ಒಂದು ದಿನವನ್ನು ಚೆನ್ನಾಗಿ ಕಳೆಯುವುದು ಎಂದರೆ ಏನು ಎಂದೆಲ್ಲ ಉದ್ದುದ್ದ ಬರೆಯುತ್ತಾರೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಒಂದು ಸಾಲು ಓದು, ನಿಘಂಟು ತೆಗೆ, ಮತ್ತೆ ಓದು. ಅದರಲ್ಲಿ ನಡುನಡುವೆ ಗೀಟು ಹಾಕಿದ ಪದ ಬರುತ್ತದೆ, ಒತ್ತಿದರೆ ಇನ್ನೊಂದು ಬಾಗಿಲು. ಚಹಾ ಕುಡಿಯುವ ಬಗೆಯಿಂದ ಬಟ್ಟಲಿಗೆ, ಬಟ್ಟಲಿನಿಂದ ಅದರ ಬಿರುಕಿಗೆ, ಬಿರುಕನ್ನು ಬೆಸೆಯುವವರ ಊರಿಗೆ. ಹೀಗೆ ಊರೂರು ತಿರುಗಿ ತಲೆ ಎತ್ತಿ ನೋಡುತ್ತೇನೆ, ಬಸ್ಸು ಮಸ್ಕಿ ದಾಟಿ ಲಿಂಗಸುಗೂರು ಸ್ಟ್ಯಾಂಡಿನಲ್ಲಿ ನಿಂತಿದೆ! ಶರಣಮ್ಮಕ್ಕ ಅವತ್ತು ರಜೆಯಲ್ಲಿದ್ದರು, ಎಬ್ಬಿಸುವವರು ಇರಲಿಲ್ಲ. ಹೆಡ್‌ಮಾಸ್ತರರಿಗೆ ಫೋನ್ ಮಾಡಿ ಬಸ್ಸು ಕೆಟ್ಟಿದೆ ಎಂದೆ. ಕೆಟ್ಟಿದ್ದು ನಾನು ಎಂದು ಅವರಿಗೆ ಹೇಗೆ ಹೇಳಲಿ?

ಮತ್ತೊಂದು ತಾಣದ ತುಂಬ ಕೌದಿಗಳು. ಯಾವುದೋ ದೇಶದ ಹೆಂಗಸರು ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿದದ್ದನ್ನು ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟು, ಇದು ಮಹಾ ಕಲೆ, ಈ ಕೆಂಪಿನ ಪಕ್ಕ ಈ ಬೂದಿ ಬಣ್ಣ ಇಟ್ಟ ಕೈಗೆ ನಮಸ್ಕಾರ ಎಂದು ಬರೆದಿದ್ದಾರೆ. ನಾನು ಓಡಿಹೋಗಿ ಟ್ರಂಕಿನಿಂದ ಅಮ್ಮಿಯ ಕೌದಿ ತೆಗೆದು ಹಾಸಿದೆ. ಅದೇ ಕೆಂಪು, ಅದೇ ಬೂದಿ! “ಅಮ್ಮೀ, ನೀನು ದೊಡ್ಡ ಕಲಾವಿದೆ!” ಎಂದು ಕೂಗಿದೆ. ಅಮ್ಮಿ ಅಕ್ಕಿ ಆರಿಸುತ್ತ ಕೂತವಳು ತಲೆ ಎತ್ತಲಿಲ್ಲ. “ಥಂಡಿ ಲಗ್ರೀ ತೋ ಓಢ್‌ಲೇ, ನೈ ತೋ ಘಡೀ ಮಾರ್‌ಕೇ ರಖ್” ಎಂದಳು. ಚಳಿಯಾದರೆ ಹೊದ್ದುಕೋ, ಇಲ್ಲದಿದ್ದರೆ ಮಡಚಿ ಇಡು. ನಮ್ಮ ಮನೆಯಲ್ಲಿ ಕಲಾವಿಮರ್ಶೆ ಇಷ್ಟರಲ್ಲೇ ಮುಗಿಯುತ್ತದೆ.

ಈ ಓದಿನ ಚಟ ಫೋನಿನಿಂದ ಬಂದದ್ದಲ್ಲ. ಅಬ್ಬಾಗೆ ಬಳಗಾನೂರಿನಲ್ಲಿ ಕಿರಾಣಿ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ಪೊಟ್ಟಣ ಕಟ್ಟುವ ಕೆಲಸ ನನ್ನದು. ರದ್ದಿ ಪೇಪರು ಕಿಲೋ ಲೆಕ್ಕದಲ್ಲಿ ಬರುತ್ತಿತ್ತು, ಅದರಲ್ಲಿ ವಾರಪತ್ರಿಕೆಗಳ ಹಾಳೆ ಸಿಕ್ಕಿತೆಂದರೆ ಮುಗಿಯಿತು. ಗಿರಾಕಿ ಸಕ್ಕರೆಗೆ ಕಾಯುತ್ತಿದ್ದಾರೆ, ನಾನು ಹಾಳೆ ಹಿಡಿದು ನಿಂತಿದ್ದೇನೆ. “ಸಕ್ರಿ ಕಟ್ಟಿ ಕೊಡವಾ ತಾಯಿ, ಪೇಪರ್ ಆಮ್ಯಾಲ ಓದೀಯಂತ!” ಎಂದು ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಅರ್ಧ ಓದಿದ ಕಥೆ ಯಾರದೋ ಕಡಲೆಬೇಳೆಯ ಜೊತೆ ಹೊರಟುಹೋಗುತ್ತಿತ್ತು. ಉಳಿದರ್ಧವನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ನನ್ನ ಕಥೆಗಳಲ್ಲಿ ಎಲ್ಲರೂ ಕೊನೆಗೆ ಬಿರಿಯಾನಿ ತಿನ್ನುತ್ತಿದ್ದರು.

ಕಾಲುವೆ ಆಚೆ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನಿಂದ ಸೀತಮ್ಮ ಎಂಬ ಹೆಂಗಸು ಬರುತ್ತಿದ್ದಳು. ತೆಲುಗು ಬೆರೆಸಿದ ಕನ್ನಡ. ನಾನು ಒಮ್ಮೆ ಅವಳ ಬೆಲ್ಲ ಕಟ್ಟುವಾಗ ಹಾಳೆಯನ್ನು ಬಿಡಲಾರದೆ ಹಿಡಿದದ್ದು ಅವಳ ಕಣ್ಣಿಗೆ ಬಿತ್ತೆಂದು ಕಾಣುತ್ತದೆ. ಮುಂದಿನ ವಾರ ಸಂತೆಗೆ ಬಂದಾಗ ಸೆರಗಿನ ಗಂಟಿನಿಂದ ಅದೇ ಹಾಳೆ ತೆಗೆದು ಕೊಟ್ಟಳು. ಬೆಲ್ಲದ ಅಂಟು, ಒಂದೆರಡು ಇರುವೆ. “ತಗೋ ಅಮ್ಮಾಯಿ, ಓದು. ನನಗ ಬೆಲ್ಲ ಸಾಕು, ಕಾಗದ ನಿಂದು” ಎಂದಳು. ಒಬ್ಬರು ಓದಲೆಂದು ಇನ್ನೊಬ್ಬರು ಕಾಗದ ಜೋಪಾನ ಮಾಡಿ ತರುತ್ತಾರೆ ಎಂಬುದು ನನಗೆ ಮೊದಲು ತಿಳಿದದ್ದು ಆವತ್ತು. ಆ ಖುಷಿ ಇವತ್ತಿಗೂ ಹೋಗಿಲ್ಲ.

ಇರಲಿ, ಬಸ್ಸಿಗೆ ಬರೋಣ. ನಾನು ಹೇಳಹೊರಟದ್ದು ‘ಮಧ್ಯಾಹ್ನದ ಕಿಟಕಿ’ ಎಂಬ ಕನ್ನಡ ಬ್ಲಾಗಿನ ಸುದ್ದಿ. ಬರೆಯುವವರ ಹೆಸರಿಲ್ಲ, ಫೋಟೋ ಇಲ್ಲ, ಊರಿಲ್ಲ. ವಾರಕ್ಕೊಮ್ಮೆ ತಮ್ಮ ಕಿಟಕಿಯಿಂದ ಮಧ್ಯಾಹ್ನ ಕಂಡದ್ದನ್ನು ಬರೆಯುತ್ತಿದ್ದರು. ಎದುರುಮನೆಯ ಗೋಡೆಗೆ ಸುಣ್ಣದಲ್ಲಿ ನೀಲಿ ಹೆಚ್ಚಾಗಿ ಬಿದ್ದು ಆದ ಬಣ್ಣ, ಒಣಹಾಕಿದ ಬಟ್ಟೆಗಳ ನೆರಳು ನೆಲದ ಮೇಲೆ ನಡೆದಾಡುವುದು, ಕ್ಯಾಲೆಂಡರಿನ ಚಿತ್ರದಲ್ಲಿ ಚಿತ್ರಕಾರ ಸುಮ್ಮನೆ ಖಾಲಿ ಬಿಟ್ಟ ಮೂಲೆ. ಇಷ್ಟರಿಂದಲೇ ಶುರುವಾಗಿ, ನಾವು ಯಾಕೆ ಕೆಲವನ್ನು ನೋಡುತ್ತೇವೆ, ಕೆಲವನ್ನು ನೋಡಿಯೂ ನೋಡುವುದಿಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಓದಿ ಮುಗಿಸಿದರೆ ಎದೆಯಲ್ಲಿ ಏನೋ ಕಚಗುಳಿ. ಈ ಬಸ್ಸಿನಲ್ಲಿ, ಈ ಧೂಳಿನಲ್ಲಿ, ಯಾರನ್ನಾದರೂ ಅಲುಗಾಡಿಸಿ, ನೋಡ್ರಿ ಇಲ್ಲಿ ಎಂತಹ ಮಾತು ಬರೆದಾರ ಎನ್ನಬೇಕು ಅನ್ನಿಸುತ್ತಿತ್ತು. ಅಲುಗಾಡಿಸಲು ಶರಣಮ್ಮಕ್ಕ ಒಬ್ಬರೇ ಇದ್ದರು. ಅವರು ಉತ್ತರ ಪತ್ರಿಕೆ ತಿದ್ದುತ್ತಿರುತ್ತಿದ್ದರು.

ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಕೇಳುವುದೆಂದರೆ ಪ್ರಾಣ. ಫೋನಿನಲ್ಲಿ ಓದಿ ಹೇಳಿದರೆ ನಡುವೆ ಪರದೆ ಕಪ್ಪಾಗುತ್ತದೆ, ಇಲ್ಲವೇ ಯಾರದೋ ಕರೆ ಬರುತ್ತದೆ. “ಕೈಕು ರುಕೀ? ಆಗೇ ಪಢ್!” ಎಂದು, ಯಾಕೆ ನಿಂತಿ ಮುಂದೆ ಓದು ಎಂದು, ಅಮ್ಮಿ ಸಿಡುಕುತ್ತಿದ್ದಳು. ಅದಕ್ಕೇ ನಾನು ‘ಮಧ್ಯಾಹ್ನದ ಕಿಟಕಿ’ಯ ಬರಹಗಳನ್ನೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತಿದ್ದೆ. ಪ್ರತಿ ಬರಹದ ಅಡಿಗೆ ‘ಪ್ರತಿಕ್ರಿಯೆಗಳು: 0’ ಎಂದು ಅಚ್ಚಾಗಿ ಬರುತ್ತಿತ್ತು. ಎಲ್ಲದರ ಅಡಿಗೂ ಅದೇ ಸೊನ್ನೆ.

ನಾನು ಪ್ರಯತ್ನಿಸಲಿಲ್ಲ ಎಂದುಕೊಳ್ಳಬೇಡಿ. ‘ಎಷ್ಟು ಚೆಂದ ಬರೆದಿದ್ದೀರಿ’ ಎಂದು ಬೆರಳು ಸವೆಯುವಂತೆ ಟೈಪ್ ಮಾಡಿ ಒತ್ತಿದರೆ, ನೀನು ಯಂತ್ರವಲ್ಲ ಎಂದು ಸಾಬೀತು ಮಾಡು ಎನ್ನುತ್ತಿತ್ತು ಆ ಡಬ್ಬಿ. ಪುಟ್ಟ ಪುಟ್ಟ ಚಿತ್ರ ತೋರಿಸಿ, ಇದರಲ್ಲಿ ರಸ್ತೆ ದಾಟುವ ಪಟ್ಟೆ ಎಲ್ಲಿದೆ ಆರಿಸು ಎನ್ನುವುದು. ಸಿಂಧನೂರಿನಲ್ಲಿ ನಾವು ರಸ್ತೆ ದಾಟುವುದು ಪಟ್ಟೆ ನೋಡಿಕೊಂಡಲ್ಲ, ಭತ್ತದ ಲಾರಿಯ ಡ್ರೈವರನ ಮುಖ ನೋಡಿಕೊಂಡು. ಆಮೇಲೆ ರಸ್ತೆ ಬದಿಯ ಕುಳ್ಳ ಕೆಂಪು ನಲ್ಲಿಯಂಥದ್ದೇನನ್ನೋ ಹುಡುಕು ಎನ್ನುವುದು. ನಾನು ಬೋರ್‌ವೆಲ್ ಪಂಪಿನಂತೆ ಕಂಡದ್ದನ್ನೆಲ್ಲ ಒತ್ತಿದೆ. ತಪ್ಪು, ಮತ್ತೆ ಪ್ರಯತ್ನಿಸಿ. ಅಷ್ಟರಲ್ಲಿ ಕಾಲುವೆ ಸೇತುವೆ ಬಂದು ನೆಟ್‌ವರ್ಕು ಹೋಗುತ್ತಿತ್ತು, ಅದರ ಜೊತೆ ನನ್ನ ಮೆಚ್ಚುಗೆಯೂ.

ಬರೆಯುವವರು ಗಂಡೋ ಹೆಣ್ಣೋ ಎಂಬ ಬಗ್ಗೆ ನಮ್ಮಲ್ಲಿ ಜಗಳವೇ ನಡೆದಿತ್ತು. ಹೆಣ್ಣೇ ಎಂದು ಅಮ್ಮಿಯ ತೀರ್ಮಾನ. ಒಣಹಾಕಿದ ಬಟ್ಟೆಯ ಮೇಲೆ ಅಷ್ಟು ಕಣ್ಣಿಡುವವರು ಇನ್ಯಾರು? ಶರಣಮ್ಮಕ್ಕ ಒಪ್ಪಲಿಲ್ಲ. “ಮಧ್ಯಾಹ್ನದಾಗ ಕಿಟಕಿ ಮುಂದ ಸುಮ್ಮ ಕೂಡಾಕ ಯಾವ ಹೆಣ್ಣಮಗಳಿಗೆ ಪುರಸೊತ್ತು ಐತಿ? ಗಂಡಸೇ ಅದು, ರಿಟೈರ್ ಆಗ್ಯಾನ” ಎಂದರು. ಬ್ಲಾಗು ಓದದವರು ಬ್ಲಾಗಿನ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವುದು ಕಂಡು ನನಗೆ ಒಳಗೊಳಗೇ ಖುಷಿ.

ಈ ವರ್ಷ ಬೇಸಿಗೆ ಕಳೆದು ಶಾಲೆ ಶುರುವಾದ ಹೊಸತರಲ್ಲಿ ಒಂದು ಬರಹ ಬಂತು. ಬಹಳ ಚಿಕ್ಕದು. ಬೀದಿ ಖಾಲಿ ಇದೆ, ನೆರಳೂ ಅಲ್ಲಾಡುತ್ತಿಲ್ಲ ಎಂದು ಶುರುವಾಗಿ, ‘ಕಿಟಕಿಯ ಆಚೆ ಯಾರಾದರೂ ಇದ್ದೀರಾ?’ ಎಂದು ಮುಗಿದಿತ್ತು. ಅದರ ಕೆಳಗೆ ಮೊದಲ ಬಾರಿಗೆ ಒಂದು ಮಿಂಚಂಚೆ ವಿಳಾಸ. ನಾನು ಅದನ್ನೂ ಪ್ರಿಂಟ್ ತೆಗೆಸಿ ಉಳಿದವುಗಳ ಜೊತೆ ಸೇರಿಸಿದೆ. ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಇನ್ನೊಮ್ಮೆ ಓದೋಣವೆಂದು ಫೋನ್ ತೆಗೆದರೆ ಬ್ಲಾಗೇ ಇಲ್ಲ! ‘ನೀವು ಹುಡುಕುತ್ತಿರುವ ಪುಟ ಅಸ್ತಿತ್ವದಲ್ಲಿಲ್ಲ.’ ಬೇರೆ ಬೇರೆ ರೀತಿ ಹುಡುಕಿದೆ. ಇಲ್ಲ. ಅಷ್ಟೂ ಬರಹ, ಅಷ್ಟೂ ಮಧ್ಯಾಹ್ನಗಳನ್ನು ಅವರೇ ಅಳಿಸಿ ಕಿಟಕಿ ಮುಚ್ಚಿಕೊಂಡಿದ್ದರು.

ನನ್ನ ಕಂಕುಳಲ್ಲಿದ್ದ ಹಳದಿ ಚೀಲದಲ್ಲಿ ಆ ಪ್ರಿಂಟುಗಳ ಕಟ್ಟು ಇತ್ತು. ಲೋಕದಲ್ಲಿ ಉಳಿದ ಒಂದೇ ಪ್ರತಿ ನನ್ನ ಹತ್ತಿರ ಇದೆ! ದುಃಖ, ಹೆಮ್ಮೆ ಎರಡೂ ಒಟ್ಟಿಗೆ ಉಕ್ಕಿದವು. ಮಸ್ಕಿಗೆ ಹೋದದ್ದೇ ಶಾಲೆಯ ಕಂಪ್ಯೂಟರಿನ ಮುಂದೆ ಕೂತು, ಇದ್ದೇನೆ ಸ್ವಾಮಿ, ಇದ್ದೇವೆ, ಎಂದು ಉದ್ದ ಪತ್ರ ಬರೆಯುವುದೆಂದು ತೀರ್ಮಾನಿಸಿದೆ.

ಆಗ ಲಿಂಗಸುಗೂರು ಬೋರ್ಡಿನ ಬಸ್ಸು ಸ್ಟ್ಯಾಂಡಿಗೆ ಬಂತು.

ನಮ್ಮ ಕಡೆ ಬಸ್ಸಿನ ಸೀಟು ಹಿಡಿಯುವ ಪದ್ಧತಿ ನಿಮಗೆ ಗೊತ್ತಿರಬೇಕು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಏನನ್ನಾದರೂ ಸೀಟಿನ ಮೇಲೆ ಒಗೆಯುವುದು. ಟವೆಲ್ಲು, ಛತ್ರಿ, ಊಟದ ಡಬ್ಬಿ, ಒಮ್ಮೊಮ್ಮೆ ಕೂಸು. ಒಗೆದಾಯಿತೆಂದರೆ ಸೀಟು ನಿಮ್ಮದು, ಆಮೇಲೆ ಜಗತ್ತೇ ಬಂದರೂ ಅಲ್ಲಿ ಕೂರುವಂತಿಲ್ಲ. ಇಷ್ಟು ವರ್ಷ ಓಡಾಡಿದ ನನ್ನ ಕೈಗೆ ತಲೆಯನ್ನು ಕೇಳುವ ಅಭ್ಯಾಸವಿಲ್ಲ. ಕಿಟಕಿ ಕಂಡಿತು, ಕೈ ಎತ್ತಿತು, ಚೀಲ ಒಳಗೆ ಬಿತ್ತು. ಡ್ರೈವರನ ಹಿಂದಿನ ಸಾಲು, ಕಿಟಕಿ ಪಕ್ಕ, ರಾಜಯೋಗದ ಸೀಟು! ಸೀಟು ಹಿಡಿದವರ ಗತ್ತಿನಲ್ಲಿ ನಾನು, ಶರಣಮ್ಮಕ್ಕ ನಿಧಾನವಾಗಿ ಮಂಡಕ್ಕಿ-ಮಿರ್ಚಿ ತಿನ್ನಲು ಹೋದೆವು. ನಾನು ಬ್ಲಾಗು ಮುಚ್ಚಿದ ಕಥೆ ಹೇಳುತ್ತಿದ್ದೆ, ಕಣ್ಣಲ್ಲಿ ನೀರು. ಮಿರ್ಚಿಯ ಖಾರ ಎಂದು ಶರಣಮ್ಮಕ್ಕ ತಿಳಿದು ನೀರು ಕೊಟ್ಟರು.

ತಿರುಗಿ ನೋಡುವಷ್ಟರಲ್ಲಿ ಬಸ್ಸು ಹೊರಟಿತ್ತು. ಮುಂದಿನ ಬೋರ್ಡು ತಿರುವಿ ಹಾಕಿದ್ದರು: ಮುಕ್ಕುಂದ. ಅದು ಲಿಂಗಸುಗೂರಿಗೆ ಹೋಗುವ ಬಸ್ಸಲ್ಲ, ಲಿಂಗಸುಗೂರಿನಿಂದ ಬಂದ ಬಸ್ಸು!

“ಯವ್ವಾ, ಚೀಲಾ!” ಎಂದು ನಾನು ಓಡಿದೆ. ಕೈಯಲ್ಲಿ ಅರ್ಧ ಮಿರ್ಚಿ. ಸ್ಟ್ಯಾಂಡಿನ ಗೇಟಿನವರೆಗೂ ಓಡಿದೆ. ಹಿಂದಿನಿಂದ ಶರಣಮ್ಮಕ್ಕ, “ಏ ಶಮೀಮಾ, ಸೀರಿ ಎತ್ತಿಕೊಂಡರ ಓಡಲೇ, ಬಿದ್ದಗಿದ್ದೀ!” ಎಂದು ಕೂಗುತ್ತಿದ್ದರು. ಬಸ್ಸು ಗಂಗಾವತಿ ರಸ್ತೆಗೆ ತಿರುಗಿ ಮಾಯವಾಯಿತು. ವಿಚಾರಣೆಯ ಕಿಟಕಿಯಲ್ಲಿ ಕೇಳಿದರೆ, “ಸಂಜಿಕ ಬರ್ರಿ ಮೇಡಮ್ಮಾರೇ” ಎಂದರು. ಸಂಜೆ ಹೋದರೆ, “ಆ ಕಂಡಕ್ಟರ್ ರಜಾದ ಮ್ಯಾಲ ಊರಿಗೆ ಹೋಗ್ಯಾನ್ರೀ. ಚೀಲದಾಗ ಏನಿತ್ತು, ಬಂಗಾರ ಏನ್ರೀ?” ಎಂದರು. ಕಾಗದ ಎಂದೆ. “ಓಹ್, ಕಾಗದ” ಎಂದು ಅವರು ಸಮಾಧಾನಪಟ್ಟುಕೊಂಡರು. ನನಗೆ ಮಾತ್ರ ಸಮಾಧಾನ ಇರಲಿಲ್ಲ. ಒಬ್ಬರು, ಯಾರಾದರೂ ಇದ್ದೀರಾ ಎಂದು ಕೇಳಿ ಹೋಗಿದ್ದರು. ಇದ್ದೇನೆ ಎನ್ನಲು ನನ್ನ ಹತ್ತಿರ ಈಗ ವಿಳಾಸವೂ ಇಲ್ಲ, ಅವರು ಬರೆದದ್ದೂ ಇಲ್ಲ.

ಆ ದಿನಗಳಲ್ಲಿ ನನ್ನ ಮೋರೆ ನೋಡಲಾರದೆ ಅಮ್ಮಿ ಒಂದು ಕೆಲಸ ಮಾಡಿದಳು. ಊಟದ ನಂತರ ನನ್ನನ್ನು ಎದುರಿಗೆ ಕೂರಿಸಿಕೊಂಡು, ತಾನು ಕೇಳಿದ್ದ ಬರಹಗಳನ್ನು ನೆನಪಿನಿಂದ ನಮ್ಮ ಮನೆಮಾತು ದಖನಿಯಲ್ಲಿ ಹೇಳತೊಡಗಿದಳು. ನೀಲಿ ಗೋಡೆ ಬಂತು, ನೆರಳು ಬಂತು. ಆದರೆ ಅಮ್ಮಿಯ ಆವೃತ್ತಿಯಲ್ಲಿ ಎದುರುಮನೆಯವಳಿಗೂ ಅವಳ ಅತ್ತೆಗೂ ಜಗಳ ಇತ್ತು, ನೆರಳಿನಲ್ಲಿ ಕಾಣುವ ಅಂಗಿ ದುಬೈಗೆ ಹೋದವನದು. ಇದೆಲ್ಲ ಅದರಲ್ಲಿ ಇರಲಿಲ್ಲ ಎಂದರೆ, “ಥಾ! ತೂ ಬರಾಬರ್ ಪಢೀ ನೈ” ಎಂದಳು. ಇತ್ತು, ನೀನೇ ಸರಿಯಾಗಿ ಓದಿಲ್ಲ! ನಾನು ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಮಸ್ಕಿಯ ಶಾಲೆಯಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಒಂದು ದಿನ ಮಕ್ಕಳನ್ನು ಗುಡ್ಡದ ಹತ್ತಿರ ಹಳೆಯ ಕಾಲದ ರಾಜನೊಬ್ಬ ಕೆತ್ತಿಸಿದ ಬಂಡೆಯ ಶಾಸನದ ಚಿತ್ರ ಬರೆಸಲು ಕರೆದುಕೊಂಡು ಹೋಗಿದ್ದೆವು. ಶರಣಮ್ಮಕ್ಕ ನೆರಳಿಗೆ ನಿಂತು ಹೇಳಿದರು, “ನೋಡು ಶಮೀಮಾ, ಆ ರಾಜ ಶಾಣ್ಯಾ. ಕಲ್ಲಿಗೆ ಬರಸ್ಯಾನ. ಇವನ ಬ್ಲಾಗು ಬಂದ್ ಆಗಿಲ್ಲ.” ಅವರು ನನ್ನ ಮೊದಲಿನ ಕುಣಿತವನ್ನು ನೆನೆಯುತ್ತಿದ್ದಾರೆ ಎಂದು ಗೊತ್ತಾಯಿತು. ಪಾಪ, ಉತ್ತರ ಪತ್ರಿಕೆ ತಿದ್ದಲು ಬಸ್ಸಿನಲ್ಲಿ ಈಗ ಬೇಕಾದಷ್ಟು ಶಾಂತಿ ಇತ್ತು, ಅವರಿಗೆ ಅದು ರುಚಿಸುತ್ತಿರಲಿಲ್ಲ.

ಪಂಚಮಿ ಮುಗಿದ ಮೇಲಿನ ಒಂದು ರವಿವಾರ ಶರಣಮ್ಮಕ್ಕನ ಫೋನು ಬಂತು. “ಇದ್ದಾಂಗ ನಮ್ಮ ಮನಿಗೆ ಬಾ. ಚಪ್ಪಲಿ ಹಾಕ್ಕೊಳ್ಳಾಕೂ ನಿಂದ್ರಬ್ಯಾಡ” ಎಂದರು. ಚಪ್ಪಲಿ ಹಾಕಿಕೊಂಡೇ ಹೋದೆ, ಆದರೆ ಎರಡೂ ಬೇರೆ ಬೇರೆ ಜೋಡಿನವು. ಅವರ ಮನೆಯಲ್ಲಿ ಹೊಸ ಮದುಮಕ್ಕಳು ಊಟಕ್ಕೆ ಬಂದಿದ್ದರು. ಶರಣಮ್ಮಕ್ಕನ ಅಕ್ಕನ ಮಗ ಬಸವರಾಜ, ಹಟ್ಟಿಯ ಗಣಿಯಲ್ಲಿ ಕೆಲಸ, ಅವನ ಹೆಂಡತಿ ಮಂಜುಳಾ. ಮಂಜುಳಾಳ ತೊಡೆಯ ಮೇಲೆ ನನ್ನ ಹಳದಿ ಚೀಲ!

“ಟೀಚರ್ರೀ, ನಮ್ಮ ಮದುವಿ ಚೀಲ ವಾಪಸ್ ಬಂದೈತ್ರೀ. ಯಾರದಂತ ಗೊತ್ತಾಗದ ಇಟ್ಟುಕೊಂಡಿದ್ವಿ. ಇವತ್ತ ಶರಣಮ್ಮ ಅತ್ತಿಯವರು ನೋಡಿ ಚೀರಿದ್ರು” ಎಂದಳು ಹುಡುಗಿ.

ಆದದ್ದು ಇಷ್ಟು. ಮುಕ್ಕುಂದ ಬಸ್ಸಿನಲ್ಲಿ ಆ ಸೀಟಿನ ಪಕ್ಕ ಕೂತಿದ್ದವರು ಹಿಟ್ಟಿನ ಗಿರಣಿಯ ಗೌರಮ್ಮ. ಚೀಲದ ಒಡೆಯರು ಕೊನೆಯ ಸ್ಟಾಪಿನವರೆಗೂ ಬರಲಿಲ್ಲವೆಂದು ಮನೆಗೆ ಒಯ್ದರು. ಚೀಲದ ಮೇಲೆ ಬಸವರಾಜ, ಮಂಜುಳಾ ಎಂದಿದೆ, ಅಂದ ಮೇಲೆ ಚೀಲ ಅವರದೇ! ಆ ಮದುವೆಯಲ್ಲಿ ಉಂಡ ನೂರಾರು ಜನರ ಮನೆಯಲ್ಲಿ ಅಂಥದ್ದೇ ಚೀಲ ಇದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಕಲ್ಯಾಣ ಮಂಟಪಕ್ಕೆ ಫೋನ್ ಹಚ್ಚಿ, ಮದುಮಕ್ಕಳ ಮನೆ ಪತ್ತೆ ಮಾಡಿ, ಲಿಂಗಸುಗೂರಿಗೆ ಹೋಗುವ ಅದೇ ಬಸ್ಸಿನಲ್ಲಿ ಕಳಿಸಿದರು. ಆ ಮದುವೆಯಲ್ಲಿ ನಾನೇ ಹೋಳಿಗೆ ಉಂಡು ಚೀಲ ತಂದವಳು. ನನಗೂ, ಗಣಿತದ ಟೀಚರಿಗೂ ಈ ಲೆಕ್ಕ ಹತ್ತಿರಲಿಲ್ಲ ನೋಡಿ.

ಆದರೆ ಗೌರಮ್ಮ ಕಳಿಸುವ ಮೊದಲು ಆ ಕಾಗದಗಳು ಗಿರಣಿಯಲ್ಲಿ ಒಂದಷ್ಟು ದಿನ ಇದ್ದವು. ಜೋಳ ಹಾಕಿ ಕಾಯುವವರು ಏನು ಮಾಡಬೇಕು? ಓದಿದ್ದಾರೆ. ನಾನು ಕಟ್ಟು ಬಿಚ್ಚಿದೆ. ಹಿಟ್ಟು ಉದುರಿತು. ನೀಲಿ ಗೋಡೆಯ ಬರಹದ ಅಡಿಗೆ, ಅಚ್ಚಾದ ಸೊನ್ನೆಯ ಪಕ್ಕದಲ್ಲಿ, ಪೆನ್ನಿನಲ್ಲಿ ಗುಂಡಗಿನ ಅಕ್ಷರ:

‘ನಮ್ಮ ಮನಿ ಗ್ವಾಡಿನೂ ಇದೇ ನೀಲಿ ಐತ್ರಿ. ಸುಣ್ಣದಾಗ ನೀಲಿ ಜಾಸ್ತಿ ಹಾಕೀದಿ ಅಂತ ಅತ್ತಿ ಕಡೆ ಬೈಸಿಕೊಂಡಿದ್ದೆ. ಈಗ ದಿನಾ ನೋಡಾಕತ್ತೀನಿ. ಚಂದ ಐತಿ. – ಗೌರಮ್ಮ, ಗಿರಣಿ.’

ನೆರಳಿನ ಬರಹದ ಕೆಳಗೆ ಬೇರೆ ಯಾರೋ, ಹೆಸರು ಹಾಕದೆ: ‘ಖರೇ ಬರದೀರಿ. ನನ್ನ ಗಿರಣಿ ಪಾಳಿ ಹೋತು, ಆದ್ರೂ ಓದಿದೆ.’

ಖಾಲಿ ಮೂಲೆಯ ಬರಹಕ್ಕೆ ಮಂಜುಳಾ ಬರೆದಿದ್ದಳು: ‘ಹೊಸ ಮನೆಗೆ ಬಂದ ಮೇಲೆ ನಾನೂ ಮೂಲೆಯಲ್ಲೇ ಕೂರುತ್ತೇನೆ. ಅಲ್ಲಿಂದ ಎಲ್ಲರೂ ಕಾಣುತ್ತಾರೆ. ಇದನ್ನು ಯಜಮಾನರಿಗೆ ಓದಿ ಹೇಳಿದೆ, ಅವರು ನಿದ್ದೆ ಹೋದರು.’ ಅದರ ಪಕ್ಕದಲ್ಲೇ ಬಸವರಾಜನ ಅವಸರದ ಅಕ್ಷರ: ‘ನಿದ್ದೆ ಹೋಗಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದೆ. ಪಾಳಿ ಮುಗಿಸಿ ಭೂಮಿಯಿಂದ ಮೇಲೆ ಬಂದಾಗ ನನಗೂ ಬೆಳಕು ಹೀಗೇ ಹೊಸದಾಗಿ ಕಾಣುತ್ತದೆ.’ ಮಂಜುಳಾ ಅದನ್ನು ಅಲ್ಲಿಯೇ, ನಮ್ಮೆದುರೇ ಮೊದಲ ಸಲ ಓದಿದಳು. ಓದಿ ಗಂಡನ ಕಡೆ ತಿರುಗಿ, “ಮತ್ತ ಹೇಳಬೇಕಿಲ್ಲೇನ್ರೀ!” ಎಂದಳು. ಅವನು ಹೋಳಿಗೆಗೆ ಇನ್ನಷ್ಟು ತುಪ್ಪ ಬಡಿಸಿಕೊಂಡ.

ಕೊನೆಯ ಹಾಳೆ ತೆಗೆದೆ. ‘ಕಿಟಕಿಯ ಆಚೆ ಯಾರಾದರೂ ಇದ್ದೀರಾ?’ ಮಿಂಚಂಚೆ ವಿಳಾಸ ಹಾಗೇ ಇತ್ತು. ಅದರ ಕೆಳಗೆ ಗುಂಡಗಿನ ಅಕ್ಷರದಲ್ಲಿ: ‘ಅದೀವ್ರೀ. ಮುಕ್ಕುಂದದಾಗ ಅದೀವಿ. ಇನ್ನ ಇದ್ರ ಹಿಂಗ ಬಸ್ಸಿಗೆ ಒಗೀರಿ, ಗಿರಣಿ ಅಂದ್ರ ಕಂಡಕ್ಟರ್ ಮುಟ್ಟಸ್ತಾನ.’

ನಾನು ಶರಣಮ್ಮಕ್ಕನ ನಡುಮನೆಯಲ್ಲಿ, ಹೊಸ ಮದುಮಕ್ಕಳ ಎದುರು, ಬೇರೆ ಬೇರೆ ಜೋಡಿನ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದವಳು, ದೊಡ್ಡ ದನಿ ತೆಗೆದು ಅತ್ತೆ. ಇಂಥ ಖುಷಿಗೆ ಇನ್ನೇನು ಮಾಡಬೇಕು? ಅವತ್ತು ಮೊದಲು ಮಾಡಿದ ಕೆಲಸ ಎಲ್ಲ ಹಾಳೆಗಳಿಗೂ ಇನ್ನೊಂದು ಪ್ರತಿ ತೆಗೆಸಿದ್ದು. ಎರಡನೆಯದು, ಹಿಟ್ಟಿನ ಗುರುತು ಕಾಣುವ ಹಾಗೆ ಒಂದೊಂದರ ಫೋಟೋ ತೆಗೆದು ಆ ವಿಳಾಸಕ್ಕೆ ಕಳಿಸಿದ್ದು. ಉದ್ದ ಪತ್ರ ಬರೆಯುವ ಅಗತ್ಯವೇ ಬೀಳಲಿಲ್ಲ. ಚೀಲ ಹೇಗೆ ತಪ್ಪಿತು, ಎಲ್ಲೆಲ್ಲಿ ಹೋಗಿ ಬಂತು ಎಂದಷ್ಟೇ ಬರೆದೆ. ಶರಣಮ್ಮಕ್ಕ ಪಕ್ಕದಲ್ಲಿ ನಿಂತು, “ಗಂಡಸೋ ಹೆಣ್ಣೋ ಅದನ್ನೂ ಕೇಳು” ಎಂದರು. ಕೇಳಲಿಲ್ಲ.

ದಿನಗಳು ಹೋದವು, ಉತ್ತರವಿಲ್ಲ. ನಾನು ಫೋನನ್ನು ತೆಗೆದು ನೋಡಿ, ಇಟ್ಟು, ಮತ್ತೆ ತೆಗೆದು ಅಮ್ಮಿಯ ತಲೆ ತಿಂದೆ. ಕಡೆಗೆ ಮೊನ್ನೆ, ಶಾಲೆಯಲ್ಲಿ ಮಕ್ಕಳು ಕೊಡದ ಚಿತ್ರ ಬರೆಯುತ್ತಿದ್ದಾಗ, ಫೋನು ಸದ್ದು ಮಾಡಿತು. ಉತ್ತರ ಒಂದೇ ಸಾಲು: ‘ಮುಕ್ಕುಂದದ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ?’ ಜೊತೆಗೆ ಒಂದು ಹೊಸ ಬರಹ. ಆ ಮಧ್ಯಾಹ್ನ ಅವರ ಕಿಟಕಿ ತೆರೆದಿತ್ತು!

ಇವತ್ತು ಬೆಳಿಗ್ಗೆ ನಾನು ಸ್ಟ್ಯಾಂಡಿಗೆ ಬೇಗ ಹೋದೆ. ಹಳದಿ ಚೀಲ ಮೊಳೆಯ ಮೇಲೇ ಇರಲಿ, ಅದು ಎಲ್ಲಿಗೂ ಹೋಗುವುದಿಲ್ಲ. ಬೇರೆ ಚೀಲ ಹೊಲಿಸಿದ್ದೇನೆ. ಅದರ ಮೇಲೆ ನನ್ನ ಕೈಯಾರೆ ‘ಗೌರಮ್ಮ, ಹಿಟ್ಟಿನ ಗಿರಣಿ, ಮುಕ್ಕುಂದ’ ಎಂದು ಬಣ್ಣದಲ್ಲಿ ಬರೆದಿದ್ದೇನೆ. ಒಳಗೆ ಹೊಸ ಬರಹ, ಅದರ ಜೊತೆ ಒಂದೇ ಚಿತ್ರದ ಪುಣ್ಯಾತ್ಮನ ಕೊಡದ ಬರಹವನ್ನು, ಕೌದಿಯ ತಾಣದಲ್ಲಿದ್ದದ್ದನ್ನು ನನಗೆ ಬಂದ ಕನ್ನಡದಲ್ಲಿ ಬರೆದದ್ದು. ಪ್ರತಿಯೊಂದರ ಅಡಿಗೂ ಬೇಕಾದಷ್ಟು ಖಾಲಿ ಜಾಗ ಬಿಟ್ಟಿದ್ದೇನೆ. ಬಸ್ಸು ಬಂತು. ಬೋರ್ಡು ತಿರುವಿ ಹಾಕುವವರೆಗೂ ಕಾದೆ, ಒಂದೊಂದೇ ಅಕ್ಷರ ಓದಿಕೊಂಡೆ, ಆಮೇಲೆ ಡ್ರೈವರನ ಹಿಂದಿನ ಸಾಲಿನ ಕಿಟಕಿಯಿಂದ ಚೀಲವನ್ನು ಒಳಗೆ ಒಗೆದೆ.

ಕಂಡಕ್ಟರು ಬಾಗಿಲಿನಿಂದ ಬಗ್ಗಿ ಕೂಗಿದ, “ಮೇಡಮ್ಮಾರೇ, ಇದು ಮಸ್ಕಿ ಬಸ್ಸಲ್ರೀ! ಮುಕ್ಕುಂದಕ್ಕ ಹೊಂಟೈತಿ!”

“ಗೊತ್ತೈತ್ರೀ!” ಎಂದು ನಾನೂ ಕೂಗಿದೆ. “ನೀವು ರೈಟ್ ಹೇಳ್ರಿ!”